ಹಸಿರು ವೃತ್ತದೊಳಗೆ ಸೋರೆಕೊಪ್ಪಲು

ಮಂಡ್ಯದ ಕಚೇರಿ, ಎರಡನೇ ಮಹಡಿ, ಕಿಟಕಿಗೆ ಬೀರು ಅಡ್ಡ.
ಅಲ್ಲಿ ಕೂತು ನಾನು ಆಸ್ಪತ್ರೆಗಳ ಸುತ್ತ ವೃತ್ತ ಎಳೆಯುತ್ತಿದ್ದೆ.
ಒಂದೊಂದಕ್ಕೂ ಐದು ಕಿಲೋಮೀಟರು.
ರೊಟ್ಟಿ ತಟ್ಟಿದಷ್ಟು ಸಲೀಸು: ಒತ್ತಿದರೆ ಹರಡುತ್ತದೆ,
ಹರಡಿದಲ್ಲೆಲ್ಲ ಊರು ಹಸಿರು.

ಸೋರೆಕೊಪ್ಪಲು ಹಸಿರಾಗಿತ್ತು.
ನೂರ ಎಂಬತ್ತಾರು ಮನೆ, ಆಸ್ಪತ್ರೆಗೆ ಎರಡೂಕಾಲು ಕಿಲೋಮೀಟರು.
ಸಭೆಯಲ್ಲಿ ಸಾಹೇಬರು ಅದರ ಮೇಲೆ ಬೆರಳಿಟ್ಟು ತೋರಿಸಿ
ಎಲ್ಲರಿಗೂ ಕಾಫಿ ಹೇಳಿದರು.

ಹನ್ನೊಂದು ದಿನ ಕಳೆದು ಫೋನು.
ಆಶಾ ಕಾರ್ಯಕರ್ತೆ ಹೊಂಬಾಳಮ್ಮ. ನಂಬರು ಯಾರು ಕೊಟ್ಟರೋ.
"ನಕ್ಸೆ ಬರ್ದೋರು ನೀವೇನಾ ಸಾ?
ನಮ್ಮೂರ್ನ ಎಲ್ಲಿ ಇಕ್ಕಿದ್ದೀರಿ ಅಂತ
ಒಂದ್ಸಲ ಬಂದು ನೋಡ್ಕೊಂಡ್ ಹೋಗಿ."

ಹೋದೆ.
ಊರಿಗೂ ಆಸ್ಪತ್ರೆಗೂ ನಡುವೆ ನಾಲೆ.
ನನ್ನ ಪರದೆಯಲ್ಲಿ ಅದೊಂದು ನೀಲಿ ದಾರ, ಸೂಜಿಗೆ ಪೋಣಿಸಬಹುದು.
ಇಲ್ಲಿ ಕೆಂಚಗೆ, ಆಳೆತ್ತರ,
ಯಾರನ್ನೂ ಮಾತಾಡಿಸದೆ ಹೋಗುತ್ತಿತ್ತು.
ಸೇತುವೆ ಆರು ಕಿಲೋಮೀಟರು ಕೆಳಗೆ.
ಹೋಗಿ, ದಾಟಿ, ಆಚೆ ದಡದಲ್ಲಿ ಅಷ್ಟೇ ದೂರ ಹಿಂದಕ್ಕೆ ಬರಬೇಕು,
ಕಬ್ಬು ಕಡಿಯುವ ಕಾಲದಲ್ಲಾದರೆ ಟ್ರ್ಯಾಕ್ಟರುಗಳ ಬಾಲ ಹಿಡಿದು.

ಅವಳು ನಡೆಯುತ್ತಲೇ ಹೇಳಿದಳು.
ಸರದಿ ನೀರು ರಾತ್ರಿ ಎರಡಕ್ಕೆ.
ನೀರು ಕಟ್ಟಲು ಹೋದ ನಂಜುಂಡಿ
ಒಣಗಿದ ಸೋಗೆಯ ಮೇಲೆ ಕಾಲಿಟ್ಟ.
ಕೊಳಕುಮಂಡಲ.
"ಹಗಲಾಗಿದ್ರೆ ತೂಬಿನ ಹಲಗೆ ಮ್ಯಾಲೆ ದಾಟುಸ್ತಿದ್ವಿ.
ಕತ್ಲು. ಆಟೋದಲ್ಲಿ ಸುತ್ತಾಕೊಂಡು ಹೋದ್ವಿ."
ನಾನು ಕೇಳಲು ಹೆದರಿದ್ದನ್ನು ಅವಳೇ ಹೇಳಿದಳು:
"ಬದ್ಕವ್ನೆ ಸಾ. ವಾರಕ್ಕೆರಡು ದಪ ಮಂಡ್ಯಕ್ಕೋಗಿ
ರಕ್ತ ತೊಳಿಸ್ಕೊಂಡ್ ಬತ್ತಾನೆ."

ಚೀಲದಿಂದ ಒಂದು ಹಾಳೆ ತೆಗೆದಳು, ಲಸಿಕೆ ಪಟ್ಟಿಯ ಬೆನ್ನು.
ಪೆನ್ಸಿಲಿನಲ್ಲಿ ಅವಳ ಊರು.
ಅಳತೆಪಟ್ಟಿಯಿಲ್ಲ, ಉತ್ತರ ದಿಕ್ಕಿನ ಬಾಣವಿಲ್ಲ.
ಆಟೋ ಇರುವ ಮನೆ. ಆಟೋ ಇದ್ದೂ ಕುಡಿದು ಮಲಗಿರುವವನ ಮನೆ.
ತುಂಬಿದ ಬಸುರಿ, ಮೂವರು.
ನಾಯಿ ಬಿಡದ ತಿರುವು.
ಹಾವು ಕಚ್ಚಿದಲ್ಲೆಲ್ಲ ಗುಣಿಸು ಚಿಹ್ನೆ,
ಪಕ್ಕದಲ್ಲಿ ಎರಡು ಹೊತ್ತು:
ಕಚ್ಚಿದ್ದು, ಸೂಜಿ ಬಿದ್ದಿದ್ದು.
ನನ್ನ ಇಡೀ ಜಿಲ್ಲೆಯಲ್ಲಿ ಆ ಎರಡು ಅಂಕಿಗಳ ನಡುವಿನ ಜಾಗ
ಎಲ್ಲೂ ಇರಲಿಲ್ಲ.

ಹಲಗೆಯ ಮೇಲೆ ಅವಳು ಮುಂದೆ, ನಾನು ಹಿಂದೆ.
ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ದಾರಿ ಗುರುತಿಸುವ ಫೋನು.
ನಡು ನಾಲೆಯಲ್ಲಿ ಅದು ಗುಂಯ್ ಎಂದಿತು:
"ದೋಷ. ನೀರಿನ ಮೇಲೆ ಚಲನೆ. ಬಿಂದುಗಳನ್ನು ಅಳಿಸಲೇ?"
ಬೇಡ ಎಂದು ಒತ್ತಲು ಬೆರಳು ಬಿಡುವಿರಲಿಲ್ಲ.
ಮೂಗಿನಿಂದ ಒತ್ತಿದೆ.
ಹೊಂಬಾಳಮ್ಮ ನಕ್ಕಿದ್ದು ಆಗ ಮಾತ್ರ.

ಕಚೇರಿಗೆ ಮರಳಿ, ದೂರವನ್ನು ಬಿಟ್ಟು
ನಿಮಿಷಗಳಲ್ಲಿ ಬರೆದೆ.
ವೃತ್ತ ಉಳಿಯಲಿಲ್ಲ. ಕೈಜಾರಿದ ತತ್ತಿಯ ಹಾಗೆ ಒಡೆದು
ರಸ್ತೆಯಿದ್ದ ಕಡೆಗಷ್ಟೇ ಹರಿದು
ನಾಲೆಯ ಅಂಚಿಗೆ ಬಂದು ನಿಂತಿತು.
ಸೋರೆಕೊಪ್ಪಲು ಕೆಂಪು.
ಅದರ ಹಿಂದೆ, ಫೋನು ಮಾಡದ ಇನ್ನೂ ನಾಲ್ಕು ಊರು ಕೆಂಪು.

"ಹೋದ ತಿಂಗಳು ಹಸಿರಿತ್ತಲ್ರೀ, ಏನಾಯ್ತು ಊರಿಗೆ?"
ಸಾಹೇಬರು ಕನ್ನಡಕ ತೆಗೆದು ಕೇಳಿದರು.
ಊರಿಗೆ ಏನೂ ಆಗಿಲ್ಲ ಸಾರ್, ಎಂದೆ.
ಕಾಫಿ ಬರಲಿಲ್ಲ.

ಸೇತುವೆಯ ಕಡತ ಯಾವ ಮೇಜಿನಲ್ಲಿದೆಯೋ
ಅದಕ್ಕೆ ನನ್ನ ಹತ್ತಿರ ನಕ್ಷೆಯಿಲ್ಲ.
ಹಲಗೆಗೊಂದು ಕಬ್ಬಿಣದ ಕಂಬಿ ಬಂದಿದೆ, ಒಂದೇ ಬದಿಗೆ.
ಈಗ ಹಗಲಿಗೊಂದು ಬಣ್ಣ, ರಾತ್ರಿಗೊಂದು.

ಮೊನ್ನೆ ನಾಲೆಗೆ ನೀರು ಬಿಟ್ಟ ಸಂಜೆ
ಮತ್ತೆ ಅದೇ ನಂಬರು, ಹಿಂದೆ ನೀರಿನ ಸದ್ದು.
"ಹಲ್ಗೆ ಮುಳುಗ್ತು ಸಾ.
ಬಣ್ಣ ಬದ್ಲಾಯಿಸ್ಬುಡಿ."